ಬಾಡಿಗೆಯ ಉಪಕರಣ, ಪರದೇಶದ ಬೀಗದ ಕೈ

೨೦೨೫ನೆಯ ಇಸವಿ ಅಕ್ಟೋಬರ್ ೨೦ನೆಯ ತಾರೀಖು, ನಮ್ಮ ದೇಶದಲ್ಲಿ ದೀಪಾವಳಿಯ ಸಡಗರ ನಡೆದಿರುವಾಗ, ಮಧ್ಯಾಹ್ನ ಹನ್ನೆರಡೂಕಾಲು ಗಂಟೆಯ ಸುಮಾರಿಗೆ, ಅಮೆರಿಕ ಸಂಯುಕ್ತ ಸಂಸ್ಥಾನಗಳ ವರ್ಜೀನಿಯಾ ಪ್ರಾಂತದಲ್ಲಿರುವ ಅಮೆಜಾನ್ ಕಂಪನಿಯ ಗಣಕಾಗಾರಗಳಲ್ಲಿ ದೋಷವೊಂದು ತಲೆದೋರಿತು. ಅದು ಪೂರ್ಣವಾಗಿ ಪರಿಹಾರವಾಗುವ ಹೊತ್ತಿಗೆ ನಮ್ಮಲ್ಲಿ ಮರುದಿನ ಬೆಳಗಿನ ಜಾವ ಮೂರೂವರೆ ಗಂಟೆಯಾಗಿದ್ದಿತು. ಆ ಹದಿನೈದು ಗಂಟೆಗಳ ಅವಧಿಯಲ್ಲಿ ಜಗತ್ತಿನ ನಾನಾ ದೇಶಗಳಲ್ಲಿ ಬ್ಯಾಂಕು, ಆಟ, ಪಾಠ, ಮಾತುಕತೆ ಇವೇ ಮೊದಲಾದ ನೂರಾರು ಸೇವೆಗಳು ನಿಂತುಹೋದುವೆಂಬುದನ್ನು ವಾಚಕರು ಆಗಲೇ ಓದಿ ಬಲ್ಲರು. ಹಾಗೆ ಕುಂಟಿದವುಗಳ ಪೈಕಿ ಕ್ಯಾನ್ವಾ ಎಂಬುದೂ ಒಂದು. ಕಂಪನಿ ಆಸ್ಟ್ರೇಲಿಯದ್ದು, ಅದು ನಂಬಿದ ಯಂತ್ರ ಅಮೆರಿಕದ್ದು, ಅದರ ಎದುರಿಗೆ ಕುಳಿತು ಹಬ್ಬದ ಶುಭಾಶಯಪತ್ರವನ್ನೂ ಅಂಗಡಿಯ ರಿಯಾಯಿತಿ ಜಾಹೀರಾತನ್ನೂ ತಯಾರಿಸುವವನು ನಮ್ಮ ಊರಿನ ಹುಡುಗ. ಈ ಮೂರರ ನಡುವಣ ಸಂಬಂಧವೇನೆಂಬುದು ಅವನ ಕೆಲಸ ನಿಂತಂದು ಮಾತ್ರ ಅವನಿಗೆ ತಿಳಿದುಬರುತ್ತದೆ.

ದೋಷವಾದರೂ ಎಂಥದು? ಬೆಂಕಿಯಲ್ಲ, ಭೂಕಂಪವಲ್ಲ. ಯಾವ ಯಂತ್ರ ಎಲ್ಲಿದೆಯೆಂದು ಬರೆದಿಡುವ ವಿಳಾಸದ ಖಾತೆಯೊಂದನ್ನು ನೋಡಿಕೊಳ್ಳಲು ಸ್ವಯಂಚಾಲಿತ ಗುಮಾಸ್ತರನ್ನು ನಿಯಮಿಸಲಾಗಿತ್ತೆನ್ನೋಣ. ಅವರಲ್ಲಿ ಒಬ್ಬನು ನಿಧಾನವಾಗಿ ಬಂದು ಹಳೆಯ ಪಟ್ಟಿಯನ್ನು ಹೊಸದರ ಮೇಲೆ ಬರೆದನು. ಅದೇ ಕ್ಷಣಕ್ಕೆ ಇನ್ನೊಬ್ಬನು, ಇದು ಹಳೆಯದು, ಬೇಡವಾದುದು ಎಂದು ಅದನ್ನು ಅಳಿಸಿಬಿಟ್ಟನು. ಖಾತೆಯ ಆ ಸಾಲು ಬರಿದಾಯಿತು. ಡೈನಮೋಡಿಬಿ ಎಂಬ ದತ್ತಾಂಶದ ಉಗ್ರಾಣಕ್ಕೆ ಹೋಗುವ ದಾರಿಯೇ ಯಾರಿಗೂ ಸಿಗದಂತಾಯಿತು. ಉಗ್ರಾಣ ಸುರಕ್ಷಿತ, ಒಳಗಿನ ಸಾಮಾನು ಸುರಕ್ಷಿತ. ವಿಳಾಸ ಮಾತ್ರ ಇಲ್ಲ. ಒಂದು ಸಾಲು ಅಳಿಸಿದುದರಿಂದ ಅರ್ಧ ಜಗತ್ತು ತಡವರಿಸಿತೆಂದರೆ, ಆ ಏರ್ಪಾಡಿನ ಜಾಣತನವನ್ನು ಮೆಚ್ಚಬೇಕೋ ಅದರ ದುಡುಕಿಗೆ ಅಂಜಬೇಕೋ ನಾವರಿಯೆವು. ಇದಾಗಿ ಒಂಬತ್ತೇ ದಿನಗಳಲ್ಲಿ, ಅಕ್ಟೋಬರ್ ೨೯ರಂದು, ಮೈಕ್ರೋಸಾಫ್ಟ್ ಕಂಪನಿಯ ಅಜ್ಯೂರ್ ಸೇವೆಯು ಒಂದು ತಪ್ಪು ಮಾರ್ಪಾಡಿನಿಂದ ಎಂಟು ಗಂಟೆಗೂ ಮೇಲ್ಪಟ್ಟು ಕೆಟ್ಟುನಿಂತಿತು. ನವೆಂಬರ್ ೧೮ರಂದು ಕ್ಲೌಡ್‌ಫ್ಲೇರ್ ಕಂಪನಿಯ ಸರದಿ; ಕ್ಯಾನ್ವಾ ಆಗಲೂ ತಪ್ಪಿಸಿಕೊಳ್ಳಲಿಲ್ಲ. ಡಿಸೆಂಬರ್ ೫ರಂದು ಅದೇ ಕ್ಲೌಡ್‌ಫ್ಲೇರ್ ಮತ್ತೆ ಇಪ್ಪತ್ತೈದು ನಿಮಿಷ ಮುಗ್ಗರಿಸಿದಾಗ ನಮ್ಮ ಬೆಂಗಳೂರಿನ ಜೆರೋಧಾ, ಗ್ರೋ ಎಂಬ ಷೇರು ವ್ಯಾಪಾರದ ಸಂಸ್ಥೆಗಳ ಗಿರಾಕಿಗಳು ಮಾರುಕಟ್ಟೆಯ ನಡುಹಗಲಿನಲ್ಲಿ ಕೈಕಟ್ಟಿ ಕುಳಿತರು. ಎರಡು ತಿಂಗಳು ತುಂಬುವುದರೊಳಗಾಗಿ ನಾಲ್ಕು ಬಾರಿ! ಇದನ್ನು ಇನ್ನು ಮೇಲೆ ಆಕಸ್ಮಿಕವೆಂದು ಕರೆಯುವುದು ಭಾಷೆಗೆ ಅಪಚಾರ.

ಷೇರಿನವರ ಅಳಲನ್ನು ಹೇಳಲು ಬೇಕಾದಷ್ಟು ಜನರಿದ್ದಾರೆ. ಚಿತ್ರ ಬರೆಯುವ, ಪುಟ ಕಟ್ಟುವ, ನಕಾಶೆ ತೆಗೆಯುವ ಕುಶಲಕರ್ಮಿಗಳ ಸಂಗತಿಯನ್ನು ಕುರಿತು ಬರೆಯುವವರು ವಿರಳವಾದುದರಿಂದ ನಾವು ಇಂದು ಅದನ್ನೇ ಎತ್ತಿಕೊಂಡಿದ್ದೇವೆ. ಮುದ್ರಣಕಾಶಿಯೆಂದು ಹೆಸರು ಪಡೆದ ಗದಗಿನ ಅಚ್ಚುಕೂಟಗಳಲ್ಲಿ, ಬೆಂಗಳೂರಿನ ಸುಲ್ತಾನಪೇಟೆಯ ಲಗ್ನಪತ್ರಿಕೆಯ ಅಂಗಡಿಗಳಲ್ಲಿ, ಪೀಣ್ಯದ ಸಣ್ಣ ಕಾರಖಾನೆಗಳಲ್ಲಿ, ತಾಲೂಕು ಕಚೇರಿಯ ಎದುರಿನ ಡಿ.ಟಿ.ಪಿ. ಕೇಂದ್ರಗಳಲ್ಲಿ, ಮನೆಯ ನಕ್ಷೆ ಬರೆದು ಪುರಸಭೆಗೆ ಒಪ್ಪಿಸುವ ಇಂಜಿನಿಯರರ ಕೋಣೆಗಳಲ್ಲಿ ಇಂದು ಕೆಲಸವು ನಡೆಯುವುದು ಬಹುಮಟ್ಟಿಗೆ ವಿದೇಶೀಯ ವಿನ್ಯಾಸ ತಂತ್ರಾಂಶಗಳ ಮೇಲೆ. ಆ ತಂತ್ರಾಂಶವು ಈಗ ಅವರ ಸ್ವತ್ತಲ್ಲ. ತಿಂಗಳಿಗೋ ವರ್ಷಕ್ಕೋ ಬಾಡಿಗೆ ಕಟ್ಟಿ ಬಳಸತಕ್ಕ ವಸ್ತುವಾಗಿದೆ.

ಹಿಂದೆ ಹೀಗಿರಲಿಲ್ಲ. ಇಪ್ಪತ್ತೈದು ವರ್ಷಗಳ ಹಿಂದೆ ಪೇಜ್‌ಮೇಕರ್ ಕೊಂಡವನು ಅದನ್ನು ಪೆಟ್ಟಿಗೆಯಲ್ಲಿ ಮನೆಗೆ ತರುತ್ತಿದ್ದನು. ಕನ್ನಡ ಅಕ್ಷರಗಳ ತಂತ್ರಾಂಶದೊಡನೆ ಹೆಬ್ಬೆರಳಿನ ಗಾತ್ರದ ಒಂದು ಬೀಗ ಬರುತ್ತಿದ್ದುದನ್ನು ಈ ಕಸುಬಿನ ಹಿರಿಯರು ಮರೆತಿರಲಾರರು. ಅದನ್ನು ಗಣಕದ ಹಿಂಬದಿಗೆ ಸಿಕ್ಕಿಸಿದರೆ ಅಕ್ಷರ ಮೂಡುವುದು, ಕಿತ್ತರೆ ಇಲ್ಲ. ಅದು ಕಳೆದುಹೋದರೆ ಮಾಲೀಕನು ಗುಮಾಸ್ತನನ್ನು ಬೈಯುತ್ತಿದ್ದನು, ರಾತ್ರಿ ಬೀಗವನ್ನು ಗಲ್ಲಾಪೆಟ್ಟಿಗೆಯಲ್ಲಿ ಇಟ್ಟು ಹೋಗುತ್ತಿದ್ದನು. ತೊಡಕಿನ ವಸ್ತುವೇ ಸರಿ. ಆದರೂ ಆ ಬೀಗ ಇದ್ದದ್ದು ನಮ್ಮ ಗಲ್ಲಾಪೆಟ್ಟಿಗೆಯಲ್ಲಿ.

ಅಡೋಬಿ ಕಂಪನಿಯು ೨೦೧೩ನೆಯ ಇಸವಿ ಮೇ ತಿಂಗಳಿನಲ್ಲಿ, ಇನ್ನು ಮುಂದೆ ತನ್ನ ಫೋಟೋಶಾಪ್, ಇಲ್ಲಸ್ಟ್ರೇಟರ್, ಇನ್‌ಡಿಸೈನ್ ಮುಂತಾದುವುಗಳ ಹೊಸ ಆವೃತ್ತಿಗಳನ್ನು ಕ್ರಯಕ್ಕೆ ಕೊಡುವುದಿಲ್ಲ, ಬಾಡಿಗೆಗೆ ಮಾತ್ರ ಕೊಡುವೆನು ಎಂದು ಸಾರಿತು. ೨೦೧೨ರಲ್ಲಿ ಹೊರಬಂದಿದ್ದ ಆರನೆಯ ಸಮುಚ್ಚಯವೇ ಕ್ರಯದ ಕೊನೆಯದಾಯಿತು. ಇಂಜಿನಿಯರರು ನಂಬಿರುವ ಆಟೋಕ್ಯಾಡ್‌ನ ಒಡೆಯರಾದ ಆಟೋಡೆಸ್ಕ್ ಕಂಪನಿಯು ೨೦೧೬ರ ಜನವರಿ ೩೧ರ ತರುವಾಯ ತನ್ನ ಬಹುತೇಕ ಬಿಡಿ ತಂತ್ರಾಂಶಗಳ ಶಾಶ್ವತ ಲೈಸೆನ್ಸನ್ನು ಹೊಸದಾಗಿ ಮಾರುವುದನ್ನು ನಿಲ್ಲಿಸಿತು. ಅಲ್ಲಿಗೂ ತೃಪ್ತಿಯಾಗದೆ, ಒಂದು ಕಚೇರಿಯ ಹಲವು ಮಂದಿ ಸರದಿಯ ಮೇಲೆ ಬಳಸುತ್ತಿದ್ದ ಜಾಲದ ಲೈಸೆನ್ಸನ್ನು ೨೦೨೦ರ ಆಗಸ್ಟಿನಿಂದ ಹಂತಹಂತವಾಗಿ ತೆಗೆದು, ಪ್ರತಿಯೊಬ್ಬನ ಹೆಸರಿಗೆ ಪ್ರತ್ಯೇಕ ಲೈಸೆನ್ಸೆಂಬ ಕಟ್ಟಳೆಯನ್ನು ತಂದಿತು. ಹೀಗೆ ಬೀಗವು ಗಲ್ಲಾಪೆಟ್ಟಿಗೆಯಿಂದ ಎದ್ದು ಸಮುದ್ರ ದಾಟಿತು. ಇಂದು ಗಣಕವು ಆಗಾಗ್ಗೆ ದೂರದ ಸರ್ವರನ್ನು ಕೇಳಿ, ‘ಈತನು ಬಾಡಿಗೆ ಕೊಟ್ಟಿರುವನೇ?’ ಎಂದು ಖಾತ್ರಿಪಡಿಸಿಕೊಂಡ ಮೇಲೆಯೇ ಕೆಲಸಗಾರನಿಗೆ ತನ್ನ ಸ್ವಂತ ಯಂತ್ರದಲ್ಲಿ ಕೆಲಸ ಮಾಡಲು ಅಪ್ಪಣೆ.

ಇಲ್ಲಿ ನಾವು ನ್ಯಾಯವಾಗಿ ಒಂದು ಮಾತನ್ನು ಹೇಳಬೇಕು. ವಾದದ ಭರದಲ್ಲಿ ಅಸತ್ಯವನ್ನು ಹೇಳುವುದು ಪತ್ರಿಕಾಧರ್ಮವಲ್ಲ. ಕ್ಲೌಡ್ ಸೇವೆ ಕೆಟ್ಟಾಗಲೆಲ್ಲ ಎಲ್ಲರ ಫೋಟೋಶಾಪೂ ಮುಚ್ಚಿಹೋಗುತ್ತದೆಂಬ ತಿಳಿವಳಿಕೆ ಸರಿಯಲ್ಲ. ಗಣಕದಲ್ಲಿ ಸ್ಥಾಪಿತವಾದ ತಂತ್ರಾಂಶವು ಗಣಕದಲ್ಲಿಯೇ ನಡೆಯುತ್ತದೆ. ವಾರ್ಷಿಕ ಚಂದಾದಾರನಿಗೆ ೯೯ ದಿನಗಳವರೆಗೂ, ತಿಂಗಳ ಚಂದಾದಾರನಿಗೆ ೩೦ ದಿನಗಳವರೆಗೂ ಜಾಲದ ಸಂಪರ್ಕವಿಲ್ಲದೆಯೇ ಕೆಲಸ ಮಾಡುವ ಅವಕಾಶವಿರುವುದಾಗಿ ಅಡೋಬಿಯು ಹೇಳಿಕೊಂಡು ಬಂದಿದೆ. ಆಟೋಡೆಸ್ಕ್ ಕೂಡ ಮೂವತ್ತು ದಿನಗಳಿಗೊಮ್ಮೆ ಹಾಜರಿ ಕೊಟ್ಟರೆ ಸಾಕೆನ್ನುತ್ತದೆ. ಆದುದರಿಂದ ಒಂದು ದಿನದ ನಿಲುಗಡೆಯಿಂದ, ನಿನ್ನೆ ಸುಮ್ಮನೆ ನಡೆಯುತ್ತಿದ್ದ ಯಂತ್ರವು ಇಂದು ನಿಲ್ಲಬೇಕಾದುದಿಲ್ಲ. ಕ್ಯಾನ್ವಾ, ಫಿಗ್ಮಾ ಇಂಥವುಗಳ ಮಾತು ಬೇರೆ. ಅವು ಬ್ರೌಸರಿನಲ್ಲಿಯೇ ನಡೆಯತಕ್ಕವು. ತಂತ್ರಾಂಶವೂ ಅಲ್ಲಿಯೇ, ಬರೆದ ಚಿತ್ರವೂ ಅಲ್ಲಿಯೇ. ಅಲ್ಲಿ ದೀಪ ಆರಿದರೆ ಇಲ್ಲಿ ಕತ್ತಲೆ.

ಹಾಗಾದರೆ ಮೊದಲನೆಯ ಬಗೆಯವರಿಗೆ ಭಯವಿಲ್ಲವೋ ಎಂದರೆ, ಉಂಟು. ಅವಧಿ ಮುಗಿಯುವ ದಿನವೇ ಸರ್ವರ್ ಕೆಟ್ಟವನ ಗತಿ ಏನು? ಯಂತ್ರ ಕೆಟ್ಟು ಹೊಸದನ್ನು ತಂದವನು, ಗುಪ್ತಪದ ಮರೆತು ಹೊರಬಿದ್ದವನು, ಅಕ್ಷರವಿನ್ಯಾಸಗಳನ್ನೂ ಕಡತಗಳನ್ನೂ ಕಂಪನಿಯ ಉಗ್ರಾಣದಲ್ಲಿಯೇ ಇಟ್ಟವನು, ಇವರೆಲ್ಲರೂ ಆ ಹೊತ್ತಿನಲ್ಲಿ ಬಾಗಿಲ ಹೊರಗೆ ನಿಲ್ಲಬೇಕಾಗುತ್ತದೆ. ೨೦೧೪ನೆಯ ಇಸವಿ ಮೇ ತಿಂಗಳ ಮಧ್ಯಭಾಗದಲ್ಲಿ ಅಡೋಬಿಯ ದತ್ತಾಂಶದ ದುರಸ್ತಿ ನಡೆದಿರುವಾಗ ಆದ ಎಡವಟ್ಟಿನಿಂದ ಸುಮಾರು ೨೮ ಗಂಟೆಗಳ ಕಾಲ ಯಾರೂ ತಮ್ಮ ಖಾತೆಯನ್ನು ಪ್ರವೇಶಿಸಲಾರದೆ ಹೋದರು. ಆಗ ಬಾಡಿಗೆಯ ಪದ್ಧತಿ ಬಂದು ಒಂದು ವರ್ಷವಾಗಿತ್ತಷ್ಟೆ. ಕಂಪನಿಯು ಕ್ಷಮೆ ಬೇಡಿತು. ಪದ್ಧತಿಯನ್ನು ಮಾತ್ರ ಬದಲಿಸಲಿಲ್ಲ.

ನಮ್ಮ ಕಾರ್ಯಾಲಯದಲ್ಲಿಯೇ ಇಂಥದೊಂದು ರಾತ್ರಿ ಒದಗಿತ್ತು. ಮುಖಪುಟವನ್ನು ಕಟ್ಟುವ ಗಣಕವು ಸಂಜೆ ಏಳಕ್ಕೆ ಕೈಕೊಟ್ಟಿತು. ಬೇರೊಂದನ್ನು ತರಿಸಿ, ತಂತ್ರಾಂಶವನ್ನು ಇಳಿಸಿ, ಹೆಸರು ಗುಪ್ತಪದಗಳನ್ನು ಕೊಟ್ಟರೆ, ಸೇವೆಯು ಸದ್ಯಕ್ಕೆ ಲಭ್ಯವಿಲ್ಲ, ತರುವಾಯ ಪ್ರಯತ್ನಿಸಿ ಎಂಬ ಉತ್ತರ ಬಂದಿತು. ಹಣ ಸಂದಿದೆ, ರಸೀತಿ ನಮ್ಮ ಕೈಯಲ್ಲಿದೆ, ವರ್ಷದ ಅವಧಿಯಲ್ಲಿ ಇನ್ನೂ ಏಳು ತಿಂಗಳು ಉಳಿದಿದೆ. ಆದರೆ ರಸೀತಿಯನ್ನು ಯಾರಿಗೆ ತೋರಿಸುವುದು? ಒಂಬತ್ತಾಯಿತು, ಹತ್ತಾಯಿತು. ಕಡೆಗೆ ನಮ್ಮ ಪುಟವಿನ್ಯಾಸಕರು ಸಾಮಾನಿನ ಕೋಣೆಯಿಂದ ಧೂಳು ಹಿಡಿದ ಹಳೆಯ ಯಂತ್ರವನ್ನು ಎತ್ತಿ ತಂದರು. ಅದರಲ್ಲಿ ಎಂದೋ ಒಮ್ಮೆ ಹಣ ಕೊಟ್ಟು ಕೊಂಡ ಹಳೆಯ ತಂತ್ರಾಂಶವಿತ್ತು. ಅದು ಯಾರನ್ನೂ ಏನನ್ನೂ ಕೇಳದೆ ತೆರೆದುಕೊಂಡಿತು. ಪುಟವು ಪ್ಲೇಟಿಗೆ ಹೋಗುವಾಗ ಹನ್ನೆರಡು ದಾಟಿತ್ತು. ಎರಡು ತಾಲೂಕುಗಳ ಕಟ್ಟುಗಳು ಬಸ್ಸು ತಪ್ಪಿ ಮಧ್ಯಾಹ್ನ ತಲುಪಿದುವು. ಆ ದಿನದ ಚಂದಾದಾರರು ನಮ್ಮನ್ನು ಬೈದರು, ಬೈಯಬೇಕಾದುದೇ. ಅವರಿಗೂ ನಮಗೂ ನಡುವೆ ಕರಾರು ಇರುವುದು ಬೆಳಗಿನ ಆರು ಗಂಟೆಯದು. ನಮ್ಮ ಕಷ್ಟ ಅವರಿಗೆ ಸಂಬಂಧಿಸಿದುದಲ್ಲ.

ಪತ್ರಿಕೆಯವರಾದ ನಮಗೆ ಒಂದು ದಿನದ ಅಪಕೀರ್ತಿಯಾಯಿತು, ಅಷ್ಟೆ. ಲಗ್ನಪತ್ರಿಕೆ ಅಚ್ಚುಹಾಕುವವನಿಗೆ ಮುಹೂರ್ತ ಕಾಯುವುದಿಲ್ಲ. ಟೆಂಡರಿನ ನಕಾಶೆಯನ್ನು ಸಂಜೆ ಐದರೊಳಗೆ ಸಲ್ಲಿಸಬೇಕಾದ ಕಂತ್ರಾಟುದಾರನಿಗೆ ಐದೂಕಾಲಿಗೆ ಕಚೇರಿಯ ಬಾಗಿಲು ತೆರೆಯುವುದಿಲ್ಲ. ಚುನಾವಣೆಯ ಕಾಲದಲ್ಲಿ ಕರಪತ್ರದ ಕೆಲಸ ಒಂದು ದಿನ ತಡವಾದರೆ ಗಿರಾಕಿಯು ಪಕ್ಕದ ಅಂಗಡಿಗೆ ಹೋಗುತ್ತಾನೆ, ಹಿಂದಿರುಗಿ ಬರುವುದಿಲ್ಲ. ಈ ನಷ್ಟವನ್ನು ತುಂಬಿಕೊಡುವವರು ಯಾರೆಂದು ವಿಚಾರಿಸಿದರೆ ಒಂದು ವಿಚಿತ್ರ ಕಾಣಬರುತ್ತದೆ. ಅಮೆಜಾನ್ ತನ್ನ ಯಂತ್ರಸೇವೆಯು ತಿಂಗಳಿನಲ್ಲಿ ಶೇಕಡಾ ೯೯.೯೯ ಹೊತ್ತು ನಡೆಯುವುದೆಂದು ಮಾತು ಕೊಡುತ್ತದೆ. ಲೆಕ್ಕ ಹಾಕಿದರೆ ಮೂವತ್ತು ದಿನಗಳಿಗೆ ನಾಲ್ಕು ನಿಮಿಷ ಚಿಲ್ಲರೆ ಮಾತ್ರ ವಿರಾಮ. ಮಾತು ತಪ್ಪಿದರೆ ಮುಂದಿನ ಬಿಲ್ಲಿನಲ್ಲಿ ಇಷ್ಟು ವಜಾ ಎಂದು ನಿಯಮವಿದೆ. ಆ ವಜಾ ಸಲ್ಲುವುದು ಯಾರಿಗೆ? ಅಮೆಜಾನಿಗೆ ಬಾಡಿಗೆ ಕೊಡುವ ತಂತ್ರಾಂಶದ ಕಂಪನಿಗೆ. ಆ ಕಂಪನಿಗೆ ಬಾಡಿಗೆ ಕೊಡುವ ನಮ್ಮವನಿಗೆ ಅದರಲ್ಲಿ ಕಾಸೂ ಇಲ್ಲ. ಅವನು ‘ಒಪ್ಪಿದೆ’ ಎಂದು ಓದದೆ ಒತ್ತಿದ ಕರಾರಿನಲ್ಲಿ, ಸೇವೆ ನಿಂತುದರಿಂದ ತಪ್ಪಿಹೋದ ಲಾಭಕ್ಕೆ ಕಂಪನಿಯು ಹೊಣೆಯಲ್ಲವೆಂದು ಬರೆದಿರುವುದೇ ವಾಡಿಕೆ. ಆದರೆ ಅವನು ಒಂದು ದಿನ ಬಾಡಿಗೆ ತಡಮಾಡಿದರೆ ಜ್ಞಾಪನಪತ್ರ. ಕೆಲವು ದಿನವಾದರೆ ಬೀಗ. ವರ್ಷದ ಮಧ್ಯದಲ್ಲಿ ಬಿಟ್ಟುಹೋಗುವೆನೆಂದರೂ ದಂಡ ತೆರಬೇಕಾದ ಕರಾರುಗಳುಂಟು. ಈ ದಂಡವನ್ನು ಗಿರಾಕಿಗಳಿಗೆ ಕಾಣದಂತೆ ಮರೆಮಾಡಿರುವರೆಂದು ಆರೋಪಿಸಿ ಅಮೆರಿಕ ಸರಕಾರದ ವ್ಯಾಪಾರ ಆಯೋಗವೇ ೨೦೨೪ರ ಜೂನಿನಲ್ಲಿ ಅಡೋಬಿಯ ಮೇಲೆ ದಾವೆ ಹೂಡಿದ್ದಿತೆಂಬುದನ್ನು ನೆನೆಯಬಹುದು. ತಮ್ಮ ದೇಶದ ಪ್ರಜೆಗಳ ಹಿತವನ್ನು ಅವರು ನೋಡಿಕೊಳ್ಳುತ್ತಾರೆ. ನಮ್ಮ ಪ್ರಜೆಗಳದನ್ನು ನೋಡತಕ್ಕವರು ದಿಲ್ಲಿಯಲ್ಲಿಯೂ ಬೆಂಗಳೂರಿನಲ್ಲಿಯೂ ಇದ್ದಾರಷ್ಟೆ.

ಇಷ್ಟರವರೆಗೆ ನಾವು ಹೇಳಿದುದು ಯಂತ್ರವು ತಾನಾಗಿ ಕೆಟ್ಟ ಸಂದರ್ಭಗಳನ್ನು. ಕೆಡದೆ ಇರುವ ಯಂತ್ರವನ್ನು ಬೇಕೆಂದೇ ನಿಲ್ಲಿಸಿದರೆ? ಇದು ಕಲ್ಪನೆಯ ಮಾತಲ್ಲ. ೨೦೧೯ನೆಯ ಇಸವಿ ಆಗಸ್ಟಿನಲ್ಲಿ ಅಮೆರಿಕದ ಅಧ್ಯಕ್ಷರು ವೆನಿಜುವೆಲಾ ದೇಶದ ಮೇಲೆ ದಿಗ್ಬಂಧದ ಆಜ್ಞೆಯನ್ನು ಹೊರಡಿಸಿದರು. ಅಕ್ಟೋಬರ್ ತಿಂಗಳಿನಲ್ಲಿ ಅಡೋಬಿಯು, ಆ ದೇಶದ ಸಮಸ್ತ ಖಾತೆಗಳನ್ನೂ ೨೮ನೆಯ ತಾರೀಖಿನೊಳಗೆ ಮುಚ್ಚುವೆನೆಂದೂ, ಅಷ್ಟರೊಳಗೆ ತಮ್ಮ ಕಡತಗಳನ್ನು ಇಳಿಸಿಕೊಳ್ಳಬೇಕೆಂದೂ ಅಲ್ಲಿನ ಚಿತ್ರಕಾರರಿಗೂ ಛಾಯಾಗ್ರಾಹಕರಿಗೂ ತಿಳಿಸಿತು. ಕೊಟ್ಟ ಹಣವನ್ನು ಹಿಂದಿರುಗಿಸುವುದಕ್ಕೂ ಆಜ್ಞೆ ಅಡ್ಡಬರುತ್ತದೆಂದು ಮೊದಲು ಹೇಳಿ, ಕೆಲವು ದಿನಗಳಲ್ಲಿ ಆ ಮಾತನ್ನು ತಿದ್ದಿ ಹಣ ಕೊಡುವೆನೆಂದಿತು. ಕಡೆಯ ಗಳಿಗೆಯಲ್ಲಿ ಅಮೆರಿಕ ಸರಕಾರದ ಅನುಮತಿ ಸಿಕ್ಕಿತೆಂದು ಸೇವೆಯನ್ನು ಮುಂದುವರಿಸಿತು. ಕಾರಕಾಸ್ ನಗರದ ಒಬ್ಬ ವಿನ್ಯಾಸಕನು ಯಾವ ಅಪರಾಧವನ್ನು ಮಾಡಿದ್ದನು? ತನ್ನ ದೇಶದ ಅಧ್ಯಕ್ಷನಿಗೂ ಪರದೇಶದ ಅಧ್ಯಕ್ಷನಿಗೂ ಮನಸ್ತಾಪವಿತ್ತೆಂಬುದೇ ಅವನ ಅಪರಾಧ. ೨೦೨೨ರ ಮಾರ್ಚಿಯಲ್ಲಿ ರಷ್ಯಾದಲ್ಲಿ ಅಡೋಬಿಯ ಹೊಸ ಮಾರಾಟಗಳು ನಿಂತುವು. ಆಟೋಡೆಸ್ಕ್ ಕೂಡ ಅಲ್ಲಿ ವ್ಯವಹಾರವನ್ನು ನಿಲ್ಲಿಸಿತು. ಯುಕ್ರೇನಿನ ಮೇಲೆ ದಂಡೆತ್ತಿಹೋದ ರಷ್ಯಾದ ಪಕ್ಷವನ್ನು ನಾವು ಹಿಡಿಯುವವರಲ್ಲ. ಬೀಗದ ಕೈ ಯಾರಲ್ಲಿದೆಯೆಂಬುದನ್ನಷ್ಟೇ ತೋರಿಸುತ್ತಿದ್ದೇವೆ.

ಅದು ದೂರದ ಮಾತು, ಭಾರತಕ್ಕೆ ಹೀಗಾದೀತೇ ಎನ್ನುವ ಆಶಾವಾದಿಗಳು ೨೦೨೫ರ ಜುಲೈ ತಿಂಗಳನ್ನು ಜ್ಞಾಪಿಸಿಕೊಳ್ಳಬೇಕು. ಗುಜರಾತಿನ ವಾಡಿನಾರಿನಲ್ಲಿ ವರ್ಷಕ್ಕೆ ಎರಡು ಕೋಟಿ ಟನ್ ಎಣ್ಣೆ ಶುದ್ಧಿಮಾಡುವ ನಯಾರಾ ಎನರ್ಜಿ ಎಂಬ ಕಂಪನಿಯಿದೆ. ಅದರಲ್ಲಿ ರಷ್ಯಾದ ರಾಸ್‌ನೆಫ್ಟಿಗೆ ಶೇಕಡಾ ೪೯ಕ್ಕೆ ತುಸು ಮೇಲ್ಪಟ್ಟ ಪಾಲು ಇರುವ ಕಾರಣದಿಂದ ಯುರೋಪಿನ ಒಕ್ಕೂಟವು ಜುಲೈ ೧೮ರಂದು ಅದರ ಮೇಲೆ ದಿಗ್ಬಂಧ ಹೇರಿತು. ಕೆಲವೇ ದಿನಗಳಲ್ಲಿ ಮೈಕ್ರೋಸಾಫ್ಟ್ ಆ ಕಂಪನಿಯ ಟಪಾಲು, ಸಭಾಸಂಪರ್ಕ ಮೊದಲಾದ ಸೇವೆಗಳನ್ನು ನಿಲ್ಲಿಸಿಬಿಟ್ಟಿತು. ಲೈಸೆನ್ಸಿನ ಹಣ ಪೂರ್ಣವಾಗಿ ಸಂದಿತ್ತು. ಭಾರತದ ಯಾವ ಕಾನೂನೂ ಉಲ್ಲಂಘಿತವಾಗಿರಲಿಲ್ಲ. ಏಕಪಕ್ಷೀಯ ದಿಗ್ಬಂಧಗಳನ್ನು ತಾನು ಒಪ್ಪುವುದಿಲ್ಲವೆಂದು ನಮ್ಮ ಸರಕಾರವೇ ಸಾರಿತ್ತು. ಅಮೆರಿಕವೂ ಆ ಕಂಪನಿಯ ಮೇಲೆ ಅಂಥ ಆಜ್ಞೆಯನ್ನು ಮಾಡಿರಲಿಲ್ಲ. ಯುರೋಪಿನ ಆಜ್ಞೆಗೆ ಅಮೆರಿಕದ ಕಂಪನಿ, ಭಾರತದ ಕಾರಖಾನೆಯಲ್ಲಿ ಬೀಗ ಹಾಕಿತೆಂದರೆ ಇದಕ್ಕಿಂತ ಸ್ಪಷ್ಟವಾದ ಪಾಠ ನಮಗೆ ಬೇಕೆ? ನಯಾರಾದವರು ದಿಲ್ಲಿಯ ಉಚ್ಚ ನ್ಯಾಯಾಲಯದ ಮೊರೆಹೊಕ್ಕರು. ಅಲ್ಲಿಯವರೆಗೆ ನಮ್ಮ ದೇಶದ ರೆಡಿಫ್ ಕಂಪನಿಯ ಟಪಾಲಿಗೆ ತಿರುಗಿದರು. ಮೊಕದ್ದಮೆ ವಿಚಾರಣೆಗೆ ಬರುವ ಹೊತ್ತಿಗೆ ಸೇವೆಯು ಮರಳಿ ಬಂದಿತು. ದೊಡ್ಡ ಕಂಪನಿಗೆ ವಕೀಲರಿದ್ದರು. ಸುಲ್ತಾನಪೇಟೆಯ ಅಂಗಡಿಯವನಿಗೆ ಯಾರಿದ್ದಾರೆ?

ಇನ್ನೊಂದು ಬಗೆಯ ನಷ್ಟವುಂಟು. ಅದು ಒಂದು ದಿನಕ್ಕೆ ಮುಗಿಯುವುದಲ್ಲ. ಹಳೆಯ ಕೆಲಸವನ್ನು ಮತ್ತೆ ತೆರೆಯುವ ಹಕ್ಕು ಯಾರದು? ೨೦೨೨ರ ನವೆಂಬರಿನಲ್ಲಿ ಅಡೋಬಿಗೂ ಬಣ್ಣಗಳ ಪಟ್ಟಿಯನ್ನು ಮಾಡುವ ಪ್ಯಾಂಟೋನ್ ಕಂಪನಿಗೂ ಇದ್ದ ಏರ್ಪಾಡು ಬದಲಾದುದರಿಂದ, ಎಷ್ಟೋ ವಿನ್ಯಾಸಕರು ತಮ್ಮ ಹಳೆಯ ಕಡತಗಳನ್ನು ತೆರೆದಾಗ ಆ ಬಣ್ಣಗಳ ಜಾಗದಲ್ಲಿ ಕಪ್ಪು ಕಂಡಿತು. ಬಣ್ಣ ಮರಳಿ ಬೇಕಾದರೆ ಪ್ಯಾಂಟೋನಿಗೆ ತಿಂಗಳಿಗೆ ಬೇರೆ ಹಣ ಕೊಡಬೇಕಾಯಿತು. ಚಿತ್ರಕಾರನು ತಾನು ಬಳಿದ ಬಣ್ಣಕ್ಕೆ ಪ್ರತಿ ತಿಂಗಳೂ ಬಾಡಿಗೆ ಕೊಡುವ ಕಾಲ ಬಂದೀತೆಂದು ರವಿವರ್ಮನ ಕಾಲದವರು ಕನಸಿನಲ್ಲಿಯೂ ಎಣಿಸಿರಲಾರರು. ಹಣಕೊಟ್ಟು ಕೊಂಡ ತಂತ್ರಾಂಶಕ್ಕೂ ಈ ಪಾಡು ತಪ್ಪಲಿಲ್ಲ. ಅಡೋಬಿಯ ಎರಡನೆಯ ಸಮುಚ್ಚಯಕ್ಕೆ ಸಮ್ಮತಿ ಕೊಡುತ್ತಿದ್ದ ಸರ್ವರನ್ನು ಕಂಪನಿಯು ನಿಲ್ಲಿಸಿದಾಗ, ಕೊಂಡವರು ಅದನ್ನು ಹೊಸ ಯಂತ್ರದಲ್ಲಿ ಸ್ಥಾಪಿಸಲಾರದೆ ಹೋಗುವ ಪ್ರಸಂಗ ಬಂದಿತು. ಆಗ ೨೦೧೩ರ ಜನವರಿಯ ಸುಮಾರಿಗೆ ಸರ್ವರಿನ ಹಂಗಿಲ್ಲದ ಪ್ರತಿಯನ್ನೂ ಅದರ ಸಂಖ್ಯೆಯನ್ನೂ ಅಡೋಬಿಯು ತಾನೇ ಒದಗಿಸಿತು. ಇದನ್ನು ನಾವು ಮೆಚ್ಚಿ ಬರೆಯುತ್ತಿದ್ದೇವೆ. ಏಕೆಂದರೆ ಮನಸ್ಸು ಮಾಡಿದರೆ ಬೀಗವನ್ನು ತೆಗೆದುಕೊಡುವುದು ಸಾಧ್ಯವೆಂಬುದಕ್ಕೆ ಅದೇ ಸಾಕ್ಷಿ.

ಕಂಪನಿಗಳ ಪಕ್ಷದಲ್ಲಿ ಹೇಳತಕ್ಕದ್ದೂ ಇದೆ. ನಮ್ಮ ಪೇಟೆಗಳಲ್ಲಿ ಕದ್ದ ತಂತ್ರಾಂಶದ ಬಳಕೆ ಎಷ್ಟಿತ್ತು, ಇಂದಿಗೂ ಎಷ್ಟಿದೆ ಎಂಬುದನ್ನು ಮರೆಮಾಚಿ ನಾವು ಪತಿವ್ರತೆಯರಂತೆ ಮಾತನಾಡಬಾರದು. ಪೆಟ್ಟಿಗೆಯ ಕಾಲದಲ್ಲಿ ಒಂದು ಪ್ರತಿ ಕೊಂಡು ಇಡೀ ಬೀದಿಗೆ ಹಂಚಿದವರು ನಮ್ಮವರೇ, ಎಸ್.ಪಿ. ರಸ್ತೆಯಲ್ಲಿ ಗಣಕ ಕೊಂಡವನು ಒಳಗಿರುವುದೆಲ್ಲವೂ ಪುಕ್ಕಟೆಯೆಂದು ನಂಬಿದ್ದ ಕಾಲವದು. ಒಂದೇ ಕಂತಿನಲ್ಲಿ ಲಕ್ಷದ ಮೇಲೆ ಹಣ ಕೊಡಲಾರದ ಸಣ್ಣವನು ಇಂದು ತಿಂಗಳ ಬಾಡಿಗೆಯಲ್ಲಿ ಪ್ರಾಮಾಣಿಕನಾಗಿ ಬಾಳುವಂತಾದುದೂ ಈ ಪದ್ಧತಿಯ ಗುಣವೇ. ಆದರೆ ಇದರಲ್ಲಿ ಒಂದು ವಿಪರ್ಯಾಸವಿದೆ. ವರ್ಜೀನಿಯಾದಲ್ಲಿ ಸರ್ವರ್ ಕೆಟ್ಟ ದಿನ, ಕದ್ದ ಪ್ರತಿಯನ್ನು ಬಳಸುವವನ ಕೆಲಸ ನಿರಾತಂಕವಾಗಿ ಸಾಗುತ್ತದೆ. ಹಣ ಕೊಟ್ಟವನು ಬಾಗಿಲಲ್ಲಿ ನಿಲ್ಲುತ್ತಾನೆ. ಕಳ್ಳನಿಗೆ ಹಾಕಿದ ಬೀಗ ಸಾಹುಕಾರನನ್ನೇ ಹೊರಗಿಟ್ಟಿತು.

ಹೀಗಿರಲು ಪರಿಹಾರವೇನು? ಸ್ವದೇಶಿ ಎಂಬ ಮಾತು ಈಗ ಮತ್ತೆ ಎಲ್ಲರ ಬಾಯಲ್ಲಿದೆ. ಕೇಂದ್ರದ ಶಿಕ್ಷಣ ಇಲಾಖೆಯು ೨೦೨೫ರ ಅಕ್ಟೋಬರಿನಲ್ಲಿ ತನ್ನ ಅಧಿಕಾರಿಗಳು ಜೋಹೋ ಕಂಪನಿಯ ಕಚೇರಿ ತಂತ್ರಾಂಶವನ್ನೇ ಬಳಸತಕ್ಕದ್ದೆಂದು ಆಜ್ಞೆ ಮಾಡಿತು. ಕೇಂದ್ರ ಸರಕಾರದ ನೌಕರರ ಟಪಾಲು ವ್ಯವಸ್ಥೆಯೂ ಅದೇ ತಮಿಳುನಾಡಿನ ಕಂಪನಿಯ ಕೈಗೆ ಬಂದಿದೆ. ನಾವು ಇದಕ್ಕೆ ಸಂತೋಷಪಡುತ್ತೇವೆ. ಆದರೆ ನಮ್ಮ ದೇಶಾಭಿಮಾನಿ ಮಿತ್ರರಲ್ಲಿ ಒಂದು ವಿಜ್ಞಾಪನೆಯುಂಟು. ಬೀಗದ ಮೇಲೆ ನಮ್ಮ ದೇಶದ ಹೆಸರನ್ನು ಕೊರೆದ ಮಾತ್ರಕ್ಕೆ ಅದು ಬೀಗವಲ್ಲದೆ ಹೋಗುವುದಿಲ್ಲ. ಚೆನ್ನೈಯ ಸರ್ವರೂ ಕೆಡುತ್ತದೆ. ಸ್ವದೇಶಿ ಬಾಡಿಗೆಯೂ ಬಾಡಿಗೆಯೇ. ದಿಗ್ಬಂಧದ ಭಯ ಅಲ್ಲಿ ಇಲ್ಲವೆಂಬುದು ದೊಡ್ಡ ಲಾಭ, ಒಪ್ಪಿದೆವು. ನಿಲುಗಡೆಯ ಭಯ ಹಾಗೆಯೇ ಉಳಿಯಿತು. ಚರಕದ ಕಾಲದ ಸ್ವದೇಶಿಯಲ್ಲಿ ಉಪಕರಣವು ನೂಲುವವನ ಮನೆಯಲ್ಲಿಯೇ ಇದ್ದಿತು. ಕೆಟ್ಟರೆ ಊರ ಬಡಗಿ ಸರಿಮಾಡುತ್ತಿದ್ದನು. ಆ ಅರ್ಥದಲ್ಲಿ ನೋಡಿದರೆ, ಯಾವ ದೇಶದವರು ಬರೆದರೆಂಬುದಕ್ಕಿಂತ, ನಮ್ಮ ಕೈಯಲ್ಲಿ ಪೂರ್ಣವಾಗಿ ಉಳಿಯುವುದೇ, ನಾವೇ ಬಿಚ್ಚಿ ನೋಡಬಹುದೇ ಎಂಬುದು ಮುಖ್ಯವಾಗುತ್ತದೆ.

ಅಂಥವು ಇಲ್ಲದಿಲ್ಲ. ಇಂಕ್‌ಸ್ಕೇಪ್, ಸ್ಕ್ರೈಬಸ್, ಜಿಂಪ್, ಕ್ರಿತಾ, ಬ್ಲೆಂಡರ್, ಲಿಬ್ರೆಕ್ಯಾಡ್, ಮತ್ತು ೨೦೨೪ರ ನವೆಂಬರಿನಲ್ಲಿ ತನ್ನ ಒಂದನೆಯ ಪೂರ್ಣ ಆವೃತ್ತಿಯನ್ನು ಕಂಡ ಫ್ರೀಕ್ಯಾಡ್, ಇವೆಲ್ಲ ಮುಕ್ತ ತಂತ್ರಾಂಶಗಳು. ಯಾವ ಸರ್ವರಿನ ಅಪ್ಪಣೆಯೂ ಇಲ್ಲದೆ ತೆರೆಯತಕ್ಕವು. ನೆರೆಯ ಕೇರಳದವರು ತಮ್ಮ ಸರಕಾರಿ ಶಾಲೆಗಳಲ್ಲಿ ಮುಕ್ತ ತಂತ್ರಾಂಶವನ್ನೇ ಬಹುಕಾಲದಿಂದ ಕಲಿಸಿಕೊಂಡು ಬಂದಿದ್ದಾರೆ. ಇವುಗಳಲ್ಲಿ ಕೊರತೆಗಳಿಲ್ಲವೆಂದು ನಾವು ಹೇಳೆವು. ನಾಲ್ಕು ಬಣ್ಣದ ಮುದ್ರಣದ ಕೆಲಸದಲ್ಲಿ ಜಿಂಪ್ ಇನ್ನೂ ಫೋಟೋಶಾಪಿಗೆ ಸಮವಲ್ಲ. ಹಳೆಯ ಕನ್ನಡ ಅಕ್ಷರಗಳಲ್ಲಿ, ಎಂದರೆ ಯೂನಿಕೋಡ್ ಅಲ್ಲದ ಸಂಕೇತಗಳಲ್ಲಿ, ಬರೆದಿಟ್ಟ ಇಪ್ಪತ್ತು ಮೂವತ್ತು ವರ್ಷಗಳ ಕಡತಗಳನ್ನು ಯೂನಿಕೋಡಿಗೆ ತಿರುಗಿಸದೆ ಹೊಸದರಲ್ಲಿ ಬಳಸುವುದು ಕಷ್ಟ; ತಿರುಗಿಸುವಾಗ ಒತ್ತಕ್ಷರಗಳು ಜಾಗ ತಪ್ಪುವುದನ್ನು ನೋಡಿ ನಮ್ಮ ಕರಡು ತಿದ್ದುವವರು ತಲೆಯ ಮೇಲೆ ಕೈಹೊತ್ತು ಕುಳಿತದ್ದುಂಟು. ಪುಕ್ಕಟೆಯಾದುದೆಲ್ಲವೂ ಮುಕ್ತವಲ್ಲವೆಂಬುದನ್ನೂ ತಿಳಿಯಬೇಕು. ಅಫಿನಿಟಿ ಎಂಬ ಒಳ್ಳೆಯ ತಂತ್ರಾಂಶವನ್ನು ಒಮ್ಮೆ ಹಣ ಕೊಟ್ಟು ಕೊಳ್ಳಬಹುದಾಗಿತ್ತು. ಅದನ್ನು ೨೦೨೪ರಲ್ಲಿ ಕ್ಯಾನ್ವಾ ಕಂಪನಿಯು ಕೊಂಡು, ೨೦೨೫ರ ಅಕ್ಟೋಬರ್ ಕಡೆಯಲ್ಲಿ ಎಲ್ಲರಿಗೂ ಉಚಿತವೆಂದು ಸಾರಿತು. ಹಣ ಬೇಡ, ಸರಿ. ಆದರೆ ಕ್ಯಾನ್ವಾದಲ್ಲಿ ಖಾತೆ ಬೇಕು.

ಸರಕಾರವು ಮಾಡತಕ್ಕ ಕೆಲಸವನ್ನು ನಾವು ಸ್ಪಷ್ಟವಾಗಿ ಹೇಳುತ್ತೇವೆ. ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ‘ಅನ್ಯಾಯದ ಕರಾರು’ ಎಂಬ ಒಂದು ವ್ಯಾಖ್ಯೆಯಿದೆ. ಸಮಂಜಸ ಕಾರಣವಿಲ್ಲದೆ ಒಂದು ಪಕ್ಷದವರೇ ಕರಾರನ್ನು ಮುರಿಯಬಹುದೆಂಬ ಷರತ್ತು ಅದರೊಳಗೆ ಬರುತ್ತದೆ. ಅಂಥ ದೂರುಗಳನ್ನು ಕೇಳುವ ಅಧಿಕಾರ ರಾಜ್ಯ ಆಯೋಗಕ್ಕೆ ಇದೆ. ಈ ಅಸ್ತ್ರವನ್ನು ತಂತ್ರಾಂಶದ ಬಾಡಿಗೆ ಕರಾರುಗಳ ಮೇಲೆ ಪ್ರಯೋಗಿಸಿ ನೋಡುವ ಧೈರ್ಯವನ್ನು ಮುದ್ರಕರ ಸಂಘಗಳು ತಾಳಬೇಕು. ಒಬ್ಬೊಬ್ಬರೇ ಹೋಗುವುದರಿಂದ ಆಗತಕ್ಕದ್ದಲ್ಲ. ಸರ್ವರ್ ಕೆಟ್ಟ ಅವಧಿಯಲ್ಲಿ ಬಾಡಿಗೆದಾರನ ಲೈಸೆನ್ಸು ತಾನಾಗಿಯೇ ಮುಂದುವರಿಯತಕ್ಕದ್ದು, ನಿಂತ ದಿನಗಳ ಬಾಡಿಗೆ ಹಿಂದಿರುಗತಕ್ಕದ್ದು, ಕಂಪನಿಯು ಒಂದು ಆವೃತ್ತಿಯನ್ನು ಕೈಬಿಡುವಾಗ ಬೀಗವಿಲ್ಲದ ಪ್ರತಿಯನ್ನು ಕೊಡತಕ್ಕದ್ದು, ಭಾರತದ ಕಾನೂನನ್ನು ಮುರಿಯದ ಗಿರಾಕಿಗೆ ಪರದೇಶದ ಆಜ್ಞೆಯ ನೆವದಿಂದ ಸೇವೆಯನ್ನು ನಿಲ್ಲಿಸಕೂಡದು. ಈ ನಾಲ್ಕನ್ನು ಪಾರ್ಲಿಮೆಂಟು ಕಾನೂನಿನ ರೂಪದಲ್ಲಿ ತರುವವರೆಗೆ, ಕನಿಷ್ಠಪಕ್ಷ ಸರಕಾರಗಳು ತಮ್ಮ ಟೆಂಡರುಗಳಲ್ಲಿ ಷರತ್ತಾಗಿ ಬರೆಯಬಹುದಷ್ಟೆ. ಅಷ್ಟು ದೊಡ್ಡ ಗಿರಾಕಿಯ ಮಾತನ್ನು ಯಾವ ಕಂಪನಿಯೂ ತಳ್ಳಿಹಾಕಲಾರದು. ಮುಕ್ತ ಮಾನಕಗಳನ್ನು ಕುರಿತು ೨೦೧೦ರಲ್ಲಿಯೂ, ಮುಕ್ತ ತಂತ್ರಾಂಶವನ್ನು ಕುರಿತು ೨೦೧೫ರಲ್ಲಿಯೂ ಕೇಂದ್ರವು ನೀತಿಪತ್ರಗಳನ್ನು ಹೊರಡಿಸಿದೆ. ಅವನ್ನು ಓದಿದ ಅಧಿಕಾರಿಗಳು ನಮ್ಮ ವಾಚಕರಲ್ಲಿ ಇದ್ದಾರೆಂದು ನಂಬಿದ್ದೇವೆ. ಆಚರಿಸಿದವರ ಪರಿಚಯ ನಮಗೆ ಇನ್ನೂ ಆಗಿಲ್ಲ.

ಅಷ್ಟರವರೆಗೆ ಕಸುಬಿನವರು ತಮ್ಮ ಮಟ್ಟಿಗೆ ಜಾಗರೂಕರಾಗಿರುವುದು ಉಚಿತ. ಲೈಸೆನ್ಸಿನ ತಾರೀಖನ್ನು ಪಂಚಾಂಗದ ಬದಿಯಲ್ಲಿ ಬರೆದಿಟ್ಟು, ಅದಕ್ಕೆ ವಾರ ಮುಂಚೆಯೇ ಜಾಲಕ್ಕೆ ಹೋಗಿ ಹಾಜರಿ ಹಾಕಿಸಬೇಕು. ಗಿರಾಕಿಯ ಕಡತದ ಒಂದು ಪ್ರತಿಯು ಅಂಗಡಿಯ ಡಿಸ್ಕಿನಲ್ಲಿಯೇ ಇರಬೇಕು. ಮುಗಿದ ಕೆಲಸವನ್ನು ಪಿ.ಡಿ.ಎಫ್. ಮಾಡಿ ಬೇರೆ ಇಡಬೇಕು. ಒಂದು ಯಂತ್ರದಲ್ಲಾದರೂ ಮುಕ್ತ ತಂತ್ರಾಂಶವನ್ನು ಸ್ಥಾಪಿಸಿ, ಬಿಡುವಿನ ಹೊತ್ತಿನಲ್ಲಿ ಹುಡುಗರಿಂದ ಅದರ ಮೇಲೆ ಕೆಲಸ ಮಾಡಿಸಬೇಕು.

ನಮ್ಮ ಶಾಸಕರಲ್ಲಿ ಒಬ್ಬರಾದರೂ ಮುಂದಿನ ಅಧಿವೇಶನದಲ್ಲಿ ಈ ಪ್ರಶ್ನೆಯನ್ನು ಕೇಳುವರೆಂದು ಆಶಿಸುತ್ತೇವೆ: ರಾಜ್ಯ ಸರಕಾರದ ಮುದ್ರಣಾಲಯ, ಲೋಕೋಪಯೋಗಿ ಇಲಾಖೆ, ನಗರ ಯೋಜನಾ ಇಲಾಖೆ, ಪಾಠಪುಸ್ತಕ ಸಂಘ, ಇವು ವಿನ್ಯಾಸ ತಂತ್ರಾಂಶಗಳ ಬಾಡಿಗೆಗಾಗಿ ವರ್ಷಕ್ಕೆ ಎಷ್ಟು ಹಣ ತೆರುತ್ತವೆ, ಅವುಗಳಲ್ಲಿ ಎಷ್ಟು ಲೈಸೆನ್ಸುಗಳು ಪರದೇಶದ ಸರ್ವರಿನ ಅಪ್ಪಣೆಯಿಲ್ಲದೆ ತೆರೆಯುತ್ತವೆ, ನಾಳೆ ಅವು ಹದಿನೈದು ದಿನ ನಿಂತುಹೋದರೆ ಪಾಠಪುಸ್ತಕದ ಪುಟವನ್ನು ಕಟ್ಟುವುದು ಯಾವ ಯಂತ್ರದಲ್ಲಿ? ಉತ್ತರವು ಸದನದ ಮೇಜಿನ ಮೇಲೆ ಬಂದ ದಿನ ನಾವು ಅದನ್ನು ಇದೇ ಪುಟದಲ್ಲಿ ಪೂರ್ಣವಾಗಿ ಪ್ರಕಟಿಸುವೆವು.